ತಿಯಾಮ್‌ಹೋಕ್ ಮಾವನ ದವಡೆ

ಕಳೆದ ಸಲದ ಪ್ರಥಮ ಚಿಕಿತ್ಸೆ ಪರೀಕ್ಷೆಯಲ್ಲಿ ಯಿಂಗ್‌ಜು ನಪಾಸಾದದ್ದು ನಾಚಿಕೆಯಿಂದ. ಆಂಬುಲೆನ್ಸ್ ಸ್ವಯಂಸೇವಕಿಯಾಗಲು ಹೊರಟವಳು, ಪ್ರಜ್ಞೆ ತಪ್ಪಿದಂತೆ ಮಲಗಿದ್ದ ಹಿರಿಯರ ಬಾಯಿಗೆ ಇಣುಕಲು ಸಂಕೋಚಪಟ್ಟು, "ಬಾಯಿ ಸ್ವಚ್ಛವಾಗಿದೆ" ಎಂದು ಬಡಬಡಿಸಿ ಮುಂದೆ ಹೋಗಿದ್ದಳು. ಮೊಟ್ಟೆದೋಸೆ ಮಾರುವವಳಿಗೆ ಯಾಕೆ ಈ ಉಸಾಬರಿ ಎಂದು ಆ ದಕ್ಷಿಣ ತೈವಾನಿನ ಪುಟ್ಟ ಪೇಟೆಯವರು ಆಡಿಕೊಂಡರು. ಆದರೆ ಅವಳ ಅತ್ತೆ ಅಕ್ಕಿಯುಂಡೆ ಗಂಟಲಿಗೆ ಸಿಕ್ಕಿ ಒದ್ದಾಡಿದ ದಿನ ಇವಳು ಸೌಟು ಹಿಡಿದು ಕಂಬದಂತೆ ನಿಂತಿದ್ದಳು. ಯಾರೋ ಗಿರಾಕಿ ಬದುಕಿಸಿದ. ಆ ಅವಮಾನ ಇನ್ನೂ ಸುಡುತ್ತಿತ್ತು. ಇವತ್ತೂ ಎಡವಿದರೆ ಆಂಬುಲೆನ್ಸ್ ಹತ್ತುವ ಆಸೆಗೆ ಎಳ್ಳುನೀರು.

ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ರೋಗಿಯ ಪಾತ್ರ ಎಂದಿನಂತೆ ತಿಯಾಮ್‌ಹೋಕ್ ಮಾವನದು. ಜಲ್ಲಿ ಲಾರಿ ಓಡಿಸಿ ನಿವೃತ್ತನಾದ ಈತ ಇಡೀ ಪೇಟೆಗೇ ಮಾವ. "ನಾನು ಮಲಗಿದ್ರೆ ಯಮರಾಜನೂ ಮೋಸ ಹೋಗ್ಬೇಕು" ಎನ್ನುವುದು ಅವನ ಬಡಾಯಿ. ಅಡಿಕೆ ಬಿಟ್ಟೆ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದ.

ಮುಂಚೆ ಬಂದ ಮೂವರು ಅಭ್ಯರ್ಥಿಗಳೂ "ಬಾಯಿ ಸ್ವಚ್ಛವಾಗಿದೆ ಸಾರ್" ಎಂದು ಗಿಣಿಪಾಠ ಒಪ್ಪಿಸಿದರು. ಪರೀಕ್ಷೆ ನಡೆಸುತ್ತಿದ್ದ ಕೋ ಮೇಷ್ಟ್ರು ಪಾಸಿನ ಗುರುತು ಹಾಕುತ್ತ ಹೋದರು.

ಯಿಂಗ್‌ಜು ಮಂಡಿಯೂರಿ ಮಾವನ ಭುಜ ತಟ್ಟಿ ಕೂಗಿದಳು. ನಾಚಿಕೆಯನ್ನು ನುಂಗಿಕೊಂಡು ದವಡೆ ಅಗಲಿಸಿ ಟಾರ್ಚು ಬಿಟ್ಟಳು. ಒಳಗೆ ಕೆಂಪು! ರಕ್ತವೇ ಎಂದುಕೊಂಡಳು. ಆಮೇಲೆ ಸುಣ್ಣದ ವಾಸನೆ ಬಂತು.

"ಮಾವ, ಅಡಿಕೆ ಇಟ್ಕೊಂಡಿದ್ದೀರಲ್ಲ! ಉಗೀರಿ!"

ಪ್ರಜ್ಞೆ ತಪ್ಪಿದವನು ಉಗುಳುವುದುಂಟೇ? ಅವಳು ಬೆರಳು ಹಾಕುವ ಮೊದಲೇ ಮಾವ ಸಾಕ್ಷಿಯನ್ನೇ ನುಂಗಲು ಹೋದ. ಮರುಕ್ಷಣ ಗಂಟಲು ಹಿಡಿದು ಎದ್ದು ಕೂತ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಭಲೇ ಮಾವ, ಇವತ್ತು ಹೊಸಾ ಪಾತ್ರ!"

"ಇದು ಪರೀಕ್ಷೇಲಿಲ್ಲ, ಮಲಕ್ಕೊಳ್ಳಿ" ಎಂದು ಮೇಷ್ಟ್ರು ರೇಗಿದರು.

ನಟಿಸುವಾಗ ಮಾವ ನರಳಿ, ಗೊರಗುಟ್ಟಿ ರಂಪ ಮಾಡುತ್ತಿದ್ದ. ಈಗ ಒಂದು ಸದ್ದೂ ಇಲ್ಲ. ಅತ್ತೆಯ ಬಾಯಿಯೂ ಆ ದಿನ ಹೀಗೇ ಸದ್ದಿಲ್ಲದೆ ತೆರೆದಿತ್ತು.

"ನಾಟಕ ಅಲ್ಲ ಸಾರ್, ನಿಜವಾಗ್ಲೂ ಸಿಕ್ಕೊಂಡಿದೆ!"

ಮಾವನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಬರಲಿಲ್ಲ. ಹಿಂದಿನಿಂದ ತಬ್ಬಿ, ಹೊಕ್ಕಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಎಳೆದಳು. ಮತ್ತೆ ಎಳೆದಳು. ಅಡಿಕೆ ಚಿಮ್ಮಿ ಹೋಗಿ ಮೇಷ್ಟ್ರ ಬಿಳಿ ಅಂಗಿಗೆ ಬಡಿಯಿತು.

ಮಾವ ಉಸಿರೆಳೆದುಕೊಂಡು ಆಡಿದ ಮೊದಲ ಮಾತು: "ಮನೇಲಿ ಹೇಳ್ಬೇಡ ಕಣಮ್ಮಾ."

ಯಿಂಗ್‌ಜುಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಈ ಸಲ ಅವಳು ಕಂಬವಾಗಿರಲಿಲ್ಲ. ಮೇಷ್ಟ್ರು ಅಂಗಿಯ ಕಲೆಯನ್ನೂ ತಾವು ಹಾಕಿದ ಗುರುತುಗಳನ್ನೂ ನೋಡಿ ಮುಖ ಸಣ್ಣದು ಮಾಡಿಕೊಂಡರು.

"ನೀವು ಮೂವರೂ ಮೊದಲಿಂದ ಮಾಡಿ. ಹೊಟ್ಟೆ ಒತ್ತಿದವರನ್ನ ಡಾಕ್ಟ್ರಿಗೆ ತೋರಿಸ್ಲೇಬೇಕು. ಯಿಂಗ್‌ಜು, ಆಂಬುಲೆನ್ಸ್ ಹತ್ತು."

"ನಾನಾ? ಇನ್ನೂ ಪಾಸೇ ಆಗಿಲ್ವಲ್ಲ ಸಾರ್!"

"ನನ್ನ ಅಂಗಿ ನೋಡು. ಇದಕ್ಕಿಂತ ದೊಡ್ಡ ಮೊಹರು ಬೇಕಾ?"

ಗಾಡಿ ಹೊರಟಿತು. ಯಿಂಗ್‌ಜು ಮತ್ತೆ ಟಾರ್ಚು ಹಚ್ಚಿದಳು.

"ಆ ಅನ್ನಿ ಮಾವ."

"ಇನ್ನೇನೇ ನೋಡ್ತೀಯಾ?"

"ಇನ್ನೊಂದು ಇಟ್ಕೊಂಡಿದ್ದೀರೇನೋ ಅಂತ."

ಮಾವ ಪೆಚ್ಚುಮೋರೆ ಹಾಕಿಕೊಂಡು, ಜೇಬಿನಿಂದ ಅಡಿಕೆಯ ಪೊಟ್ಟಣ ತೆಗೆದು ಅವಳ ಕೈಗಿಟ್ಟ.