ಟ್ಯಾಟರ್ಸಲ್ ಅಜ್ಜಿಯ ಅದೃಷ್ಟದ ಸೀಸೆ

ಆ ಬೇಸಿಗೆಯಲ್ಲಿ ಪುರಸಭೆಯ ನರ್ಸ್ ಐವಿ ಕ್ರಾಶಾಳಿಗೆ ಒಂದು ಒಗಟು ಬಿಡದೆ ಕಾಡುತ್ತಿತ್ತು. ಲೂಮ್ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಹಾಲಿನವನು ಒಬ್ಬನೇ, ನೊಣಗಳೂ ಅವೇ. ಆದರೂ ಗಿರಣಿಗೆ ಹೋಗುವ ಎಡ್ನಾಳ ಚೊಕ್ಕ ಮನೆಯಲ್ಲಿ ಹೋದ ವರ್ಷ ಚೊಚ್ಚಲ ಕೂಸು ಭೇದಿಯಾಗಿ ತೀರಿಕೊಂಡಿತ್ತು. ಎದುರುಮನೆಯ ಹೆಟ್ಟಿಯ ಕೂಸು ಕೊಳಕು ಅಡುಗೆಮನೆಯಲ್ಲೇ ಗುಂಡುಗುಂಡಾಗಿ ಬೆಳೆಯುತ್ತಿತ್ತು.

"ನೀನು ಏನು ಕುಡಿಸ್ತೀಯಮ್ಮ?" ಎಂದು ಐವಿ ಹೆಟ್ಟಿಯನ್ನು ಕೇಳಿದಳು.

"ಎದೆಹಾಲೇ, ನರ್ಸಮ್ಮ. ಸೀಸೆ ತೊಳೆಯೋದು ಯಾರ ಕೈಲಾಗುತ್ತೆ? ಗಂಡನ್ನ ತೊಳೆದೇ ಸಾಕಾಗಿದೆ."

ನಗುತ್ತಲೇ ಬೀದಿ ದಾಟಿದ ಐವಿಯ ತಲೆಯಲ್ಲಿ ಸೀಸೆ ಉಳಿಯಿತು.

ಎಡ್ನಾಳ ಎರಡನೆಯ ಕೂಸಿಗೆ ನಿನ್ನೆಯಿಂದ ಭೇದಿ. ತಾಯಿ ಗಿರಣಿಯಲ್ಲಿದ್ದಾಗ ಅದನ್ನು ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಟ್ಯಾಟರ್ಸಲ್ ಅಜ್ಜಿ. ಕೂಸಿನ ಬಾಯಿಂದ ಸೀಸೆಯವರೆಗೆ ಉದ್ದನೆಯ ರಬ್ಬರ್ ಕೊಳವೆ.

"ಇದು ಯಾರದು ಅಜ್ಜಿ?"

"ನಂದೇ. ಅದೃಷ್ಟದ ಸೀಸೆ. ನನ್ನ ಮಗ ಪರ್ಸಿ ಇದರಲ್ಲೇ ಕುಡಿದು ಬೆಳೆದ. ಈಗ ಕಾಲುವೆ ದಂಡೇಲಿ ಹತ್ತಿಮೂಟೆ ಹೊರ್ತಾನೆ, ಕುದುರೆ ಹಾಗೆ. ಕೇಳಿದೋರಿಗೆಲ್ಲ ಕೊಡ್ತೀನಿ."

"ತೊಳೀತೀರಾ?"

"ದಿನಾ ಬಿಸಿನೀರು ಹಾಕ್ತೀನಿ. ನಿಂಗೆಷ್ಟು ಮಕ್ಕಳು?"

"ಒಂದೂ ಇಲ್ಲ."

"ಅಂದ್ಕೊಂಡೆ."

ಸೀಸೆಯೇನೋ ಫಳಫಳ ಹೊಳೆಯುತ್ತಿತ್ತು. ಕೊಳವೆ? ಪರ್ಸಿ ಕುಡಿದಾಗ ಅದು ಹೊಸದಿತ್ತೇನೋ.

"ಒಳಗೆ ಹೇಗಿದೆ ಅಂತ ನೋಡೋ ಆಸೆ ಅಜ್ಜಿ. ಕತ್ತರಿಸಲಾ?"

ಅಜ್ಜಿ ಗೊಣಗಿದಳು, ಆದರೆ ಕತ್ತರಿ ಕೊಟ್ಟಳು. ಐವಿ ಕೊಳವೆಯನ್ನು ಉದ್ದಕ್ಕೆ ಸೀಳುವಾಗ ತಾನೂ ಬಗ್ಗಿ ನೋಡಿದಳು. ಒಳಗೆಲ್ಲ ಲೋಳೆಲೋಳೆಯಾದ ಹಳದಿ ಪದರ. ಹುಳಿತ ಹಾಲಿನ ನಾತ ಮೂಗಿಗೆ ಬಡಿಯಿತು.

ಅಜ್ಜಿ ಕೂಸಿನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಹೋದ ವರ್ಷದ ಕೂಸೂ ಇದರಲ್ಲೇ…" ಎಂದಳು.

ಐವಿಗೆ ಒಗಟು ಬಿಡಿಸಿದ ಸಂತೋಷ ಅಲ್ಲೇ ಇಳಿದುಹೋಯಿತು.

"ಹೋದ ವರ್ಷ ಸೆಕೆ ವಿಪರೀತ ಅಜ್ಜಿ. ಎಷ್ಟೋ ಮನೇಲಿ ಕೂಸುಗಳು ಹೋದವು. ಈಗ ಇದನ್ನ ಉಳಿಸೋಣ."

ಡಾಕ್ಟರಿಗೆ ಹೇಳಿಕಳಿಸಿ, ಕುದಿಸಿ ಆರಿಸಿದ ನೀರನ್ನು ಬಟ್ಟಲಿಗೆ ಬಗ್ಗಿಸಿದಳು. ತಾನೇ ಕುಡಿಸಬಹುದಿತ್ತು. ಚಮಚವನ್ನು ಅಜ್ಜಿಯ ಕೈಗಿಟ್ಟಳು.

"ನಿಮ್ಮ ಕೈ ಅದಕ್ಕೆ ಗೊತ್ತು. ನೀವೇ ಕುಡಿಸಿ."

ಮೊದಲ ಚಮಚ ಚೆಲ್ಲಿತು. ಎರಡನೆಯದನ್ನು ಕೂಸು ನುಂಗಿತು. ಡಾಕ್ಟರು ಬಂದು ನೋಡಿ, ಹೀಗೇ ಮುಂದುವರಿಸಿ ಎಂದರು. ಸಂಜೆಯ ಹೊತ್ತಿಗೆ ಅಳುವಿಗೆ ಮತ್ತೆ ಬಲ ಬಂದಿತ್ತು.

ಗಿರಣಿಯಿಂದ ಓಡಿಬಂದ ಎಡ್ನಾ ಬಾಗಿಲಲ್ಲೇ ನಿಂತು ಕೇಳಿದಳು, "ಹೇಗಿದೆ?"

"ಕುಡೀತಿದೆ," ಎಂದಳು ಅಜ್ಜಿ ತಲೆಯೆತ್ತದೆ. "ಕೈ ತೊಳ್ಕೊಂಡು ಬಾ."