ಮೊದಲ ಸಾಲಿನ ಉಸಿರು

“ಏನಲೇ ರಂಡೆ, ನಡು ಹೊಲದಾಗ ಕುಂಡಿ ಊರಿ ಕುಂತಿ, ಇದೇನ್ ನಿಮ್ಮಪ್ಪನ ದವಾಖಾನಿ ಅಂತ ತಿಳದಿಯೇನ?”

ಬದುವಿನ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡಿದ್ದ ಧಣಿ ಬಸಲಿಂಗಪ್ಪ ಬೈದದ್ದು ಲಗಮವ್ವನಿಗೆ. ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಂಬತ್ತು ಹೆಂಗಸರಲ್ಲಿ ಅವಳೊಬ್ಬಳೇ ಹಿಂದೆ ಬಿದ್ದಿದ್ದಳು. ಕುರಪಿ ನೆಲಕ್ಕೂರಿ ಎದೆ ಒತ್ತಿಕೊಂಡು ಉಸಿರು ಹುಡುಕುತ್ತಿದ್ದಳು. ಅವಳಿಗೆ ನಲವತ್ತೂ ತುಂಬಿಲ್ಲ. ಅರವತ್ತೇಳರ ನಾನು ಅವಳಿಗಿಂತ ಇಪ್ಪತ್ತು ಮಾರು ಮುಂದಿದ್ದೆ.

ಕರೋನಾದ ಎರಡನೆಯ ಬೇಸಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಧಣಿ ಮಹಡಿ ಏರಿದವನು ಕೆಳಗಿಳಿಯಲಿಲ್ಲ. ಹಾಲು, ಪಲ್ಲೆ, ಎಲೆ ಅಡಿಕೆ ಎಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಏರುತ್ತಿದ್ದವು. ಬುದ್ಧಿಮಾತು ಮಾತ್ರ ಕೆಳಗಿಳಿಯುತ್ತಿತ್ತು. ಬ್ಯಾನಿ ಕುಂತು ಉಣ್ಣುವವರಿಗೆ, ನಿಮ್ಮದು ಕಬ್ಬಿಣದ ಮೈ, ಮನೆಯಲ್ಲಿ ಕುಂತರೆ ಹಸಿದು ಸಾಯುತ್ತೀರಿ, ಶೇಂಗಾ ಕೀಳಲು ನಡೆಯಿರಿ ಎಂದ. ಹಸಿವಿನ ಮಾತು ನಿಜವೇ ಆಗಿತ್ತು. ರೇಷನ್ ಅಕ್ಕಿ ಎರಡು ವಾರಕ್ಕೇ ತೀರಿತ್ತು. ಮೈ ಸುಡುವ ಜ್ವರದಲ್ಲೇ ಲಗಮವ್ವ ಎರಡು ದಿನ ಶೇಂಗಾ ಕಿತ್ತಳು, ಮೂರನೆಯ ದಿನ ಬಿದ್ದಳು. ಅದೇ ವಾರ ಜ್ವರ ಮಹಡಿಯನ್ನೂ ಏರಿತು. ಅದಕ್ಕೂ ಹಗ್ಗ ಸಿಕ್ಕಿರಬೇಕು.

ಇಬ್ಬರೂ ಬದುಕಿದರು. ಇಬ್ಬರಿಗೂ ಕೆಮ್ಮು ಉಳಿಯಿತು. ಬೆಳಗಾವಿಯ ದೊಡ್ಡ ಡಾಕ್ಟರು ಧಣಿಯ ಎದೆಯ ಫೋಟೋ ತೆಗೆಸಿ, ಈ ರೋಗ ಹೋದರೂ ಕೆಲವರಿಗೆ ಅದರ ಬೇರು ವರ್ಷಗಟ್ಟಲೆ ಉಳಿಯುತ್ತದೆ, ಮೆಟ್ಟಿಲು ಹತ್ತಬೇಡಿ ಎಂದು ಬರೆದುಕೊಟ್ಟರು. ಲಗಮವ್ವನಿಗೆ ಊರ ದವಾಖಾನೆಯಲ್ಲಿ ರಕ್ತದ ಗುಳಿಗೆ ಕೊಟ್ಟರು. ಒಂದೇ ಕೆಮ್ಮು, ಹಾಸಿಗೆಯಲ್ಲಿ ಕೆಮ್ಮಿದರೆ ಬ್ಯಾನಿ, ಸಾಲಿನಲ್ಲಿ ಕೆಮ್ಮಿದರೆ ಮೈಗಳ್ಳತನ.

ಇವತ್ತು ಬೇವಿನ ನೆರಳಿಂದಲೇ, ಎದೆ ಸೋತವಳಿಂದ ತನ್ನ ಹೊಲಕ್ಕೇ ಲುಕ್ಸಾನು, ನಾಳೆಯಿಂದ ಮನೆಯಲ್ಲೇ ಬಿದ್ದಿರಲಿ ಎಂದ ಧಣಿ. ಅವನು ಬಿಡಿಸಿದ ಆಳನ್ನು ಊರಲ್ಲಿ ಮತ್ತಾರೂ ಕರೆಯುವುದಿಲ್ಲ.

ಲಗಮವ್ವ ಮೆಲ್ಲಗೆ ತಲೆ ಎತ್ತಿದಳು. “ಧಣ್ಯಾರ, ಅವತ್ತ ಮನ್ಯಾಗ ಕುಂತ್ರ ಹಸದ ಸಾಯತಿ ಅಂದ್ರಿ. ಇವತ್ತ ಮನ್ಯಾಗ ಕುಂದ್ರ ಅಂತೀರಿ. ಹಸಿವು ಊರ ಬಿಟ್ಟ ಹೋಗೇತೇನ್ರಿ?”

ಧಣಿ ಕಿಸೆಯಿಂದ ದಮ್ಮಿನ ಪಂಪು ತೆಗೆದು ಬಾಯಿಗಿಟ್ಟು ಎರಡು ಸಲ ಔಷಧ ಎಳೆದುಕೊಂಡ.

“ಬರೇ ಮಾತಾಡಾಕ ದಮ್ಮ ಐತಿ ನೋಡ ಈಕಿಗೆ. ಹೊತ್ತ ಮುಳಗೂತನಾ ಎಲ್ಲಾರ ಸರಿಸಮ ಬಂದ್ರ ನಾಳೆ ಬಾ. ಒಂದ ಮಾರ ಹಿಂದ ಉಳದ್ಯೋ, ಈ ಬದು ತುಳೀಬ್ಯಾಡ.”

ನಮ್ಮ ಕಡೆ ಕಳೆ ತೆಗೆಯುವುದಕ್ಕೊಂದು ಕಟ್ಟಳೆ ಇದೆ. ಮೊದಲ ಸಾಲು ಹಿಡಿದವಳನ್ನು ಯಾರೂ ದಾಟಬಾರದು. ದಾಟಿದರೆ ಹೊಲದ ಲಕ್ಷ್ಮಿ ಬದು ಹಾರುತ್ತಾಳಂತೆ. ಧಣಿಯ ಅಜ್ಜ ಬಾರುಕೋಲು ಹಿಡಿದು ಕಲಿಸಿದ್ದು. ಮೂವತ್ತು ವರ್ಷದಿಂದ ಆ ಮೊದಲ ಸಾಲು ನನ್ನದು.

ನಾನು ಎದ್ದೆ. ಹಿಂದೆ ನಡೆದು ಲಗಮವ್ವನ ರಟ್ಟೆ ಹಿಡಿದು ತಂದು ನನ್ನ ಜಾಗದಲ್ಲಿ ಕೂರಿಸಿ, ಅವಳ ಸಾಲಿಗೆ ಹೋಗಿ ಬಿಟ್ಟ ಕಳೆ ತೆಗೆದು ಸರಿಸಮ ಬಂದೆ. ಮಗ್ಗುಲ ಸಾಲಿನ ಸಾಯಿರಾ ನನ್ನ ಮುಖ ನೋಡಿದಳು, ಕುರಪಿ ನಿಧಾನ ಮಾಡಿದಳು. ಉಳಿದವರೂ ಮಾಡಿದರು. ಲಗಮವ್ವ ಒಂದು ಗೇಣು ಸರಿದರೆ ನಾವೂ ಒಂದು ಗೇಣು. ಅವಳು ಉಸಿರಿಗೆ ನಿಂತರೆ ನಾವೂ ನಿಂತೆವು.

ಸವದತ್ತಿ ಗುಡ್ಡದ ಕಡೆ ಮೋಡ ಕಪ್ಪಾಗುತ್ತಿತ್ತು. ಮಳೆ ಬಿದ್ದರೆ ಎರಿಮಣ್ಣಿನಲ್ಲಿ ವಾರಗಟ್ಟಲೆ ಕಾಲಿಡಲಾಗದು. ಅಷ್ಟರಲ್ಲಿ ಕಳೆ ಹತ್ತಿಯನ್ನು ನುಂಗಿರುತ್ತದೆ. ಹೊಲ ಇನ್ನೂ ಅರ್ಧ ಉಳಿದಿತ್ತು. ಧಣಿ ಕುರ್ಚಿ ಬಿಟ್ಟು ಎದ್ದ. ನಮ್ಮ ಅವ್ವಂದಿರನ್ನೆಲ್ಲ ಹೆಸರು ಹಿಡಿದು ಬೈದ, ಆಕೆಯನ್ನು ದಾಟಿ ನಡೆಯಿರಿ ಎಂದು ಕೂಗಿದ.

“ಹೆಂಗ ದಾಟೂದ್ರಿ?” ಎಂದೆ ನಾನು. “ಎಲ್ಲಾರೂ ಸರಿಸಮನ ಅದೇವಿ. ಮುಂದಿನಾಕೀನ ದಾಟಬಾರದಂತ ನಿಮ್ಮ ಮುತ್ಯಾ ಹೇಳ್ಯಾರ.”

ಅವನು ಬಾಯಿ ತೆರೆದ. ಬೈಗುಳಕ್ಕೆ ಮೊದಲು ಕೆಮ್ಮು ಬಂತು. ಬದುವಿನ ಮೇಲೆ ಬಗ್ಗಿ ನಿಂತು ಕೆಮ್ಮತೊಡಗಿದ. ಇತ್ತ ಮೊದಲ ಸಾಲಿನಲ್ಲಿ ಲಗಮವ್ವನಿಗೂ ಕೆಮ್ಮು ಎದ್ದಿತು. ಕಣ್ಣು ಮುಚ್ಚಿದರೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಮೊದಲ ಹನಿ ಬಿತ್ತು. ನಾವು ಎಂಟೂ ಮಂದಿ ಕುರಪಿ ಮಡಿಲಲ್ಲಿಟ್ಟು, ಲಗಮವ್ವನ ಕೆಮ್ಮು ನಿಲ್ಲಲಿ ಎಂದು ಕುಳಿತೆವು.