ಉದ್ದ ಮೂತಿಯ ಒಳಲೆ

"ಲೋಟ ತೆಗಿಯೋ ಅತ್ಲಾಗೆ," ಎಂದು ಚಿಕ್ಕಪ್ಪ ಕೋನಪ್ಪ ಗುಣಿಯ ಅಂಚಿನಲ್ಲಿ ನರೇಂದ್ರನ ಕೈ ತಡೆದ. "ಒಳಲೆ ಮುನೆಂಕಟಪ್ಪಂಗೆ ಲೋಟದಲ್ಲಿ ಹಾಲು ಬಿಡ್ತಾರೇನೋ? ತಗೋ, ಇದ್ರಲ್ಲಿ ಬಿಡು."

ಮನೆಯ ಗೂಡಿನಿಂದ ಎತ್ತಿಕೊಂಡು ಬಂದಿದ್ದ ಬೆಳ್ಳಿ ಒಳಲೆಯನ್ನು ಮುಂದೆ ಹಿಡಿದ. ಹೆಣದ ಮುಂದೆಯೂ ನಾಲ್ಕು ಜನ ಕಿಸಕ್ಕನೆ ನಕ್ಕರು. ಎಳೆಗೂಸಿಗೆ ಹಾಲು ಹನಿಸುವ ಆ ಪುಟ್ಟ ಬಟ್ಟಲಿನಿಂದ ನರೇಂದ್ರ ಅಪ್ಪನ ಬಾಯಿಗೆ ಹಾಲು ಬಿಟ್ಟ. ಬಗ್ಗಿಸಿದ್ದು ಹೆಚ್ಚಾಗಿ ಹಾಲೆಲ್ಲ ಗಲ್ಲದ ಮೇಲೆ ಹರಿಯಿತು.

"ಇದ್ರಲ್ಲೇ ಇಷ್ಟು ಕುಡಿದು ಬೆಳೆದವನು, ಕುಡಿಸೋಕೆ ಬರಲ್ವಲ್ಲೋ!" ಎಂದ ಕೋನಪ್ಪ.

ನರೇಂದ್ರನ ಕಿವಿ ಕೆಂಪಾಯಿತು. ಮೀಸೆಯ ಕೆಳಗೆ ಮುಚ್ಚಿಟ್ಟಿದ್ದ ತುಟಿಯ ಹೊಲಿಗೆ ಚುರುಗುಟ್ಟಿತು.

*

ನರೇಂದ್ರ ಹುಟ್ಟಿದ್ದೇ ಸೀಳು ತುಟಿ, ಸೀಳು ಅಂಗುಳದೊಂದಿಗೆ. ಮೊಲೆ ಚೀಪಲಾಗದ ಕೂಸನ್ನು ಕಂಡು ತಾಯಿ ಅಶ್ವತ್ಥಮ್ಮ ಗೋಡೆಗೆ ಮುಖ ತಿರುಗಿಸಿದ್ದಳು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ ಅಪ್ಪ ಮುನಿವೆಂಕಟಪ್ಪ, ಮಂಚೇನಹಳ್ಳಿಯ ಅಕ್ಕಸಾಲಿಯ ಮುಂದೆ ಕೂತು, ಒಳಲೆಯ ಮೂತಿಯನ್ನು ಸೀಳು ದಾಟಿ ಒಳಹೋಗುವಷ್ಟು ಉದ್ದ ಎಳೆಸಿದ. ಪಾಳಿ ಮುಗಿಸಿ ಬಂದು, ಖಾಕಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಎತ್ತರಿಸಿಕೊಂಡು ಹನಿಹನಿಯಾಗಿ ಕುಡಿಸುತ್ತಿದ್ದ.

ನೀರಿಗೆ ಹೋಗುವ ಹೆಂಗಸರು ತೆಲುಗಿನಲ್ಲಿ ಕೆಣಕುತ್ತಿದ್ದರು: "ಏಮಮ್ಮಾ ಮುನೆಂಕಟಮ್ಮಾ, ಪಾಲೊಚ್ಚಾಯಾ?"

"ಬಂದೈತೆ ಕಣ್ರಮ್ಮ ಹಾಲು. ನಿಮ್ಗೂ ಒಂದ್ ತೊಟ್ಟು ಬೇಕಾ?" ಎನ್ನುತ್ತಿದ್ದ.

ಅವನಿಗೆ ನಾಚಿಕೆಯೇ ಇರಲಿಲ್ಲ. ಅವನ ಪಾಲಿನ ನಾಚಿಕೆಯನ್ನೂ ಮಗನೇ ಹೊತ್ತ. ಶಾಲೆಯಲ್ಲಿ ನರೇಂದ್ರನ ಹೆಸರು ಒಳಲೆ, ಮದುವೆಯ ಚಪ್ಪರದಲ್ಲೂ ಒಳಲೆ. ಈಗ ಅವನ ಮಗನೂ ಅದೇ ಸೀಳಿನೊಂದಿಗೆ ಹುಟ್ಟಿದಾಗ ತಾತ ಮತ್ತೆ ಜಗಲಿ ಹತ್ತಿದ್ದ.

"ನೀನೂ ಒಂದ್ಸಲ ಕುಡಿಸಿ ಕಲ್ತ್ಕೊಳ್ಳಪ್ಪಾ. ನಾನೇನು ಗೂಟ ಹೊಡ್ಕೊಂಡು ಇರ್ತೀನಾ?"

"ಈ ಮನೇಲಿ ಒಬ್ಬ ಹೆಂಗ್ಸಾಗಿರೋದು ಸಾಕು," ಎಂದಿದ್ದ ನರೇಂದ್ರ.

*

ಈ ಹೆಸರು ಇಂದಿಗೆ ಮಣ್ಣಾಗಲಿ ಎಂದುಕೊಂಡು ನರೇಂದ್ರ ಒಳಲೆಯನ್ನು ಗುಣಿಯಲ್ಲಿದ್ದ ಅಪ್ಪನ ಎದೆಯ ಮೇಲಿಟ್ಟ.

"ಬೆಳ್ಳಿ ಕಣೋ ಅದು!" ಎಂದ ಕೋನಪ್ಪ.

"ಅಪ್ಪಂದು ಅಪ್ಪನ ಜೊತೇಲೇ ಹೋಗ್ಲಿ. ಮಣ್ಣೆಳೀರಿ."

ನಕ್ಕವರೇ ಕಣ್ಣೊರೆಸಿಕೊಂಡರು. "ಮಗ ಅಂದ್ರೆ ಇವನಪ್ಪಾ!" ಎಂದರು. ಹುಟ್ಟಿದ ಮೇಲೆ ಮೊದಲ ಸಲ ಊರು ನರೇಂದ್ರನನ್ನು ಹೊಗಳಿತು. ಆ ಗಳಿಗೆಯಲ್ಲಿ ಅವನಿಗೆ ಮಗು ನೆನಪಾಗಲಿಲ್ಲ. ಕುಡಿಸಿದವನಿಗೆ ತಾನೆ ನೆನಪಾಗುವುದು.

ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಮನೆಗೆ ಬಂದಾಗ ಮಗು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ಹೆಂಡತಿ ಶೋಭಾರಾಣಿ, ಹಿಂಡಿದ ಎದೆಹಾಲಿನ ಬಟ್ಟಲು ಹಿಡಿದು ಗೂಡು ತಡಕುತ್ತಿದ್ದಳು.

"ರೀ, ಒಳಲೆ ನೋಡಿದ್ರಾ? ತೂಕ ಏರ್ದೆ ಆಪರೇಷನ್ ಮಾಡಲ್ಲ ಅಂದವ್ರೆ ಡಾಕ್ಟ್ರು."

ನರೇಂದ್ರ ಚಮಚ ತೆಗೆದುಕೊಂಡ. ಮಗುವನ್ನು ಮಲಗಿಸಬೇಕೋ ಎತ್ತಿ ಹಿಡಿಯಬೇಕೋ ತಿಳಿಯದೆ ತಾಯಿಯತ್ತ ನೋಡಿದ.

"ನನ್ನೇನ್ ನೋಡ್ತೀಯ? ನಿಂಗೆ ಕುಡಿಸಿದ್ದು ಅವ್ರು," ಎಂದಳು ಅಶ್ವತ್ಥಮ್ಮ.

ಚಮಚ ಬಗ್ಗಿಸಿದ. ಹಾಲು ಮೂಗಿನಿಂದ ಹೊರಬಂತು. ಮಗು ಉಸಿರು ಕಟ್ಟಿ ನೀಲಿಯಾಯಿತು. ಶೋಭಾರಾಣಿ ಕಿತ್ತುಕೊಂಡು ಬೆನ್ನು ತಟ್ಟಿದಳು.

"ಒಳಲೆ ಎಲ್ರೀ?" ಕಿರುಚಿದಳು.

ನರೇಂದ್ರ ಬಾಗಿಲಿಗೆ ಬಂದ. ಹೊಲದಂಚಿನಲ್ಲಿ, ಅಪ್ಪನ ಗುಣಿಯ ಹೊಸ ಮಣ್ಣಿನ ಮೇಲೆ ಕೋನಪ್ಪ ನಾಯಿನರಿ ಕೆದಕದಂತೆ ಜಾಲಿಮುಳ್ಳು ಹೊದಿಸಿ ಇನ್ನೂ ಕಲ್ಲು ಹೇರಿಸುತ್ತಿದ್ದ. ಇವನನ್ನು ಕಂಡು, ಹಿರಿಯನಾದರೂ, ಮಗ ಅಂದರೆ ನೀನಪ್ಪಾ ಎನ್ನುವಂತೆ ಅಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದ.

ಮಣ್ಣು ತೆಗೀರಿ ಎಂದು ಕೂಗಲು ನರೇಂದ್ರ ಬಾಯಿ ತೆರೆದ. ಆಮೇಲೆ, ಚಮಚ ಹಿಡಿದ ಕೈಯಲ್ಲೇ, ತಾನೂ ಕೈ ಮುಗಿದ.